ಅಮ್ಮನ ಮಂಡಿ ನೋವಿಗೆ ಲಕ್ಕಿ ಸೊಪ್ಪಾ, ಕೆಂಪು ಬೆಳಕಿನ ಬೆಲ್ಟಾ, ಸಂತೆಯ ಪುಡಿಯಾ?

ತೋಟದ ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ಕೆಲಸ ಹಾಸನದಲ್ಲಿ, ತವರು ಮೂಡಿಗೆರೆ ಹತ್ತಿರದ ಹಳ್ಳಿ. ಅಮ್ಮನಿಗೆ 63 ವರ್ಷ. ಎರಡೂ ಮಂಡಿ ನೋವು, ಬಲಗಡೆ ಜಾಸ್ತಿ. ಬೆಳಿಗ್ಗೆ ಎದ್ದ ತಕ್ಷಣ ಒಂದು ಹತ್ತು ನಿಮಿಷ ಕಾಲು ಹಿಡಿದುಕೊಂಡಿರುತ್ತದೆ, ಆಮೇಲೆ ಸಡಿಲವಾಗುತ್ತದೆ. ಮೆಟ್ಟಿಲು ಇಳಿಯುವಾಗ ಕಟಕಟ ಸದ್ದು ಪಕ್ಕದಲ್ಲಿರುವ ನಮಗೇ ಕೇಳಿಸುತ್ತದೆ. ಹೋದ ವರ್ಷ ಎಕ್ಸ್‌ರೇ ತೆಗೆಸಿದೆವು. ಸವೆತ ಅಂದರು, ನೋವಿನ ಮಾತ್ರೆ ಬರೆದುಕೊಟ್ಟರು. ಮಾತ್ರೆ ನುಂಗಿದರೆ ಅಮ್ಮನಿಗೆ ಎದೆಯುರಿ. ಹಾಗಾಗಿ ಮಾತ್ರೆ ಡಬ್ಬಿಯಲ್ಲೇ ಕೂತಿದೆ.

ಕೆಲಸ ಬಿಡಿ ಅಂದರೆ ಬಿಡುವ ಹೆಂಗಸಲ್ಲ. ಮೂರು ಎಕರೆ ಕಾಫಿ ತೋಟ, ಆಳು ಸಿಗುವುದಿಲ್ಲ. ಈಗ ಕೊಯ್ಲು ಮುಗಿದಿದೆ. ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಉದುರು, ಅಂದರೆ ಕೆಳಗೆ ಬಿದ್ದ ಹಣ್ಣು, ಹೆಕ್ಕುತ್ತಿದ್ದಾರೆ. "ಬಿದ್ದದ್ದನ್ನ ಹಾಗೇ ಬಿಟ್ಟರೆ ಕಾಯಿಕೊರಕ ಹುಳ ಮುಂದಿನ ಬೆಳೆಗೆ ಹತ್ತುತ್ತೆ" ಅನ್ನುತ್ತಾರೆ. ಮಾತು ನಿಜವೇ. ಆದರೆ ಕೂತವರು ಏಳಬೇಕಾದರೆ ಕಾಫಿ ಗಿಡವನ್ನೇ ಹಿಡಿದುಕೊಂಡು ಏಳುತ್ತಾರೆ.

ಈಗ ಮನೆಯಲ್ಲಿ ದಿನಾ ಇದೇ ಮಾತು. ಬೆಂಗಳೂರಿನಲ್ಲಿರುವ ಚಿಕ್ಕಮ್ಮನ ಮಗ ಕೆಂಪು ಬೆಳಕಿನ ಬೆಲ್ಟ್ ತರಿಸೋಣ ಅಂತಾನೆ, ಹನ್ನೊಂದು ಸಾವಿರ. ನಾದಿನಿ ಅರಿಶಿನದ ಕ್ಯಾಪ್ಸೂಲು, ಗ್ಲುಕೋಸಮೈನ್ ಅಂತಾಳೆ. ಪಕ್ಕದ ಮನೆ ಅತ್ತೆ ಸಂತೆಯಿಂದ ಯಾವುದೋ ಪುಡಿ ತಂದು ತಿನ್ನುತ್ತಿದ್ದಾರೆ, ಎರಡೇ ದಿನಕ್ಕೆ ನೋವು ಹೋಯಿತಂತೆ. ಅಮ್ಮ ಮಾತ್ರ "ಹಂಡೆಗೆ ಲಕ್ಕಿ ಸೊಪ್ಪು ಹಾಕಿ ಒಂದು ಸ್ನಾನ ಮಾಡಿಸಿ ಸಾಕು" ಅಂತಾರೆ. ಯಾವುದಕ್ಕೆ ದುಡ್ಡು ಹಾಕಲಿ? ಉಪಯೋಗಿಸಿ ನೋಡಿದವರು ಹೇಳಿ. ಓದಿದ್ದಲ್ಲ, ಅನುಭವಿಸಿದ್ದು.

ಬೇಲೂರು ಮೊಮ್ಮಗ

ಅಕ್ಕ, ನಾನು ನಿಮ್ಮ ಅಮ್ಮನ ಪಕ್ಷ. ನಮ್ಮ ಅಜ್ಜಿ 84ರವರೆಗೂ ಲಕ್ಕಿ ಸೊಪ್ಪಿನ ನೀರಲ್ಲೇ ನಡೆದಾಡಿದವರು. ಬೇಲಿಯಿಂದ ಎರಡು ಹಿಡಿ ಸೊಪ್ಪು ಕಿತ್ತು, ಹಂಡೆ ಕುದಿ ಬಂದಮೇಲೆ ಹಾಕಿ ಮುಚ್ಚಬೇಕು. ಮುಚ್ಚಳ ತೆಗೆದಾಗ ಬಚ್ಚಲೆಲ್ಲ ಘಮ್ ಅನ್ನುತ್ತದೆ. ಆ ನೀರಲ್ಲಿ ಟವೆಲ್ ಅದ್ದಿ, ಹಿಂಡಿ, ಮಂಡಿಗೆ ಸುತ್ತಬೇಕು. ತಣ್ಣಗಾದರೆ ಮತ್ತೆ ಅದ್ದಬೇಕು. ಮೂರು ನಾಲ್ಕು ಸಲ. ಆಮೇಲೆ ಫ್ಯಾನ್ ಕೆಳಗೆ ಕೂರಬಾರದು.

ಸೊಪ್ಪು ಇಲ್ಲದ ದಿನ ಉಪ್ಪಿನ ಶಾಖ. ಬಾಣಲೆಗೆ ಎರಡು ಹಿಡಿ ಕಲ್ಲುಪ್ಪು ಹಾಕಿ ಚಟಪಟ ಅನ್ನುವವರೆಗೆ ಹುರಿದು, ಹಳೇ ಪಂಚೆ ಚೂರಲ್ಲಿ ಗಂಟು ಕಟ್ಟಬೇಕು. ಅಜ್ಜಿ ಗಂಟನ್ನು ಮೊದಲು ತನ್ನ ಮಣಿಕಟ್ಟಿನ ಒಳಭಾಗಕ್ಕೆ ಇಟ್ಟು ನೋಡುತ್ತಿದ್ದರು. ಅಲ್ಲಿ ಸುಟ್ಟರೆ ಮಂಡಿಗೂ ಸುಡುತ್ತದೆ. ಹುರಿದ ಉಪ್ಪು ಒಳಗೊಳಗೇ ಕಾವು ಇಟ್ಟುಕೊಂಡಿರುತ್ತದೆ, ಅವಸರ ಮಾಡಬೇಡಿ.

ಅರಸೀಕೆರೆ ತೆಂಗು

ಬೇರೆ ಎಲ್ಲಾ ಆಮೇಲೆ. ಮೊದಲು ಆ ಸಂತೆ ಪುಡಿಯ ವಿಷಯ. ತಾಯಿ, ಅದನ್ನ ಮನೆಗೆ ಸೇರಿಸಬೇಡಿ.

ನನಗೆ 58. ನಾಲ್ಕು ವರ್ಷದ ಹಿಂದೆ ಸೊಂಟ, ಮಂಡಿ ಎರಡೂ ಹಿಡಿದುಕೊಂಡಿತ್ತು. ಪರಿಚಯದವರೊಬ್ಬರು ಒಂದು ಕಡೆಗೆ ಕರೆದುಕೊಂಡು ಹೋದರು, ಜಾಗದ ಹೆಸರು ಬೇಡ. ಅಲ್ಲಿ ಕಾಗದದ ಪೊಟ್ಟಣದಲ್ಲಿ ಬೂದು ಬಣ್ಣದ ಪುಡಿ ಕೊಟ್ಟರು. ಮೇಲೆ ಹೆಸರಿಲ್ಲ, ಏನು ಹಾಕಿದ್ದಾರೆ ಅಂತಿಲ್ಲ, ತಯಾರಿಸಿದ ತಾರೀಕಿಲ್ಲ. ದಿನಕ್ಕೆ ಎರಡು ಚಿಟಿಕೆ ಜೇನುತುಪ್ಪದಲ್ಲಿ. ಮೂರನೇ ದಿನ ನಾನು ಹಾರಾಡುತ್ತಿದ್ದೆ! ತೆಂಗಿನ ಬುಡ ಬಿಡಿಸುವ ಕೆಲಸ ನಾನೇ ಮಾಡಿದೆ. ಹಸಿವು ಅಂದರೆ ಹಸಿವು, ಮುದ್ದೆ ಮೂರು. ಊರವರೆಲ್ಲ "ಏನು ಗುಂಡಗೆ ಆಗಿದ್ದೀರಿ" ಅಂತ ಹೊಗಳುವವರೇ.

ಐದು ತಿಂಗಳು ತಿಂದೆ. ಮುಖ ಬೆಲ್ಲದ ಅಚ್ಚಿನ ಹಾಗೆ ಊದಿತು. ತೊಡೆ ಸಣ್ಣಗಾಯಿತು, ಹೊಟ್ಟೆ ದಪ್ಪಗಾಯಿತು. ಒಂದು ಮದುವೆಗೆ ಹೋಗಿ ವಾರ ಪುಡಿ ತಪ್ಪಿತು ನೋಡಿ, ಹಾಸಿಗೆಯಿಂದ ಏಳಲಾಗಲಿಲ್ಲ. ವಾಂತಿ, ಸುಸ್ತು, ತಲೆ ತಿರುಗುವುದು. ಆಸ್ಪತ್ರೆಗೆ ಸೇರಿಸಿದರು. ಶುಗರ್ 380. ಮೊದಲು ನನಗೆ ಶುಗರ್ ಇರಲೇ ಇಲ್ಲ. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ "ಯಾವುದಾದರೂ ಪುಡಿ ತಿಂತಿದ್ರಾ?" ಅಂತ. ಅಂದರೆ ನಾನೊಬ್ಬನೇ ಅಲ್ಲ ಅಂತಾಯಿತಲ್ಲ.

ಪುಡಿಯಲ್ಲಿ ಸ್ಟಿರಾಯ್ಡ್ ಸೇರಿಸಿರುತ್ತಾರೆ ಅಂದರು. ಹೊರಗಿನಿಂದ ಸ್ಟಿರಾಯ್ಡ್ ಹೋಗುತ್ತಿದ್ದರೆ ಮೂತ್ರಪಿಂಡದ ಮೇಲಿರುವ ಪುಟ್ಟ ಗ್ರಂಥಿ ತಾನು ಮಾಡಬೇಕಾದ್ದನ್ನು ಮಾಡುವುದೇ ನಿಲ್ಲಿಸುತ್ತದಂತೆ. ಇದ್ದಕ್ಕಿದ್ದಂತೆ ಪುಡಿ ನಿಂತರೆ ಒಳಗೂ ಇಲ್ಲ, ಹೊರಗಿಂದಲೂ ಇಲ್ಲ. ಜೀವಕ್ಕೇ ಬರುತ್ತದೆ. ನನಗೆ ಅದೇ ಔಷಧಿಯನ್ನು ಮಾತ್ರೆಯಾಗಿ ಕೊಟ್ಟು, ಏಳು ತಿಂಗಳಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿ ಬಿಡಿಸಿದರು.

ಎರಡೇ ದಿನದಲ್ಲಿ ನೋವು ಹೋಯಿತು ಅಂದರೆ ಖುಷಿ ಪಡಬೇಡಿ, ಅನುಮಾನ ಪಡಿ. ಸೊಪ್ಪು ಬೇರು ಎರಡು ದಿನಕ್ಕೆ ಹಾಗೆ ಕೆಲಸ ಮಾಡುವುದಿಲ್ಲ.

ಬೇಲೂರು ಮೊಮ್ಮಗ

ಅಣ್ಣ, ಎಲ್ಲಾ ಆಯುರ್ವೇದಕ್ಕೂ ಇದನ್ನೇ ಅನ್ವಯಿಸಬೇಡಿ.

ಅರಸೀಕೆರೆ ತೆಂಗು

ನಾನೆಲ್ಲಿ ಹೇಳಿದೆ? ಹಾಸನದಲ್ಲೇ ತಣ್ಣೀರುಹಳ್ಳದಲ್ಲಿ ಆಯುರ್ವೇದ ಕಾಲೇಜು, ಆಸ್ಪತ್ರೆ ಇದೆ. ಓದಿದ ವೈದ್ಯರು ನಾಡಿ ನೋಡಿ, ಚೀಟಿ ಬರೆದು, ಲೇಬಲ್ ಇರುವ ಔಷಧಿ ಕೊಡುತ್ತಾರೆ. ಅಲ್ಲಿಗೆ ಹೋಗಿ. ನಾನು ಹೇಳುತ್ತಿರುವುದು ಹೆಸರಿಲ್ಲದ ಪೊಟ್ಟಣದ ಮಾತು.

ಸಕಲೇಶಪುರ ಮಳೆ

ಬೆಲ್ಟ್ ಬಗ್ಗೆ ನಾನು ಹೇಳಬಹುದು, ದುಡ್ಡು ಕೊಟ್ಟವನು ನಾನೇ. ಹೋದ ಜೂನ್‌ನಲ್ಲಿ ತರಿಸಿದೆ, ಸೊಂಟಕ್ಕೆ. ಕೆಂಪು ದೀಪಗಳು ಸಾಲಾಗಿ, ನಡುವೆ ಕಣ್ಣಿಗೆ ಕಾಣದ ಇನ್ಫ್ರಾರೆಡ್ ದೀಪಗಳು. ಇಪ್ಪತ್ತು ನಿಮಿಷ ಕಟ್ಟಿಕೊಂಡರೆ ಹಾಯಾಗಿ ಬೆಚ್ಚಗಿರುತ್ತದೆ. ನಮ್ಮ ಕಡೆಯ ಜುಲೈ ಮಳೆಯಲ್ಲಿ ಬೆಚ್ಚಗಿರುವುದು ಯಾವುದಾದರೂ ಒಳ್ಳೆಯದೇ ಅನ್ನಿ.

ಆರು ವಾರದಲ್ಲಿ ನೋವು ಅರ್ಧ ಇಳಿಯಿತು. ಆದರೆ ಅದೇ ಆರು ವಾರ ಮಳೆಗೆ ತೋಟದ ಕೆಲಸ ನಿಂತಿತ್ತು. ಜೊತೆಗೆ ಹೆಂಡತಿ ಬೈದು ಬೈದು ಬೆಳಿಗ್ಗೆ ಮನೆ ಜಗಲಿಯಲ್ಲೇ ನಡೆಯುವುದು ಶುರು ಮಾಡಿಸಿದ್ದಳು. ಯಾವುದರಿಂದ ಕಮ್ಮಿ ಆಯಿತು ಅಂತ ಎದೆ ಮುಟ್ಟಿ ಹೇಳಲಾರೆ. ಕರೆಂಟು ಹೋದರೆ ಬೆಲ್ಟೂ ಇಲ್ಲ. ಈಗ ಅದನ್ನು ನಮ್ಮ ಬೆಕ್ಕು ಉಪಯೋಗಿಸುತ್ತಿದೆ. ನಾನು ಸ್ವಿಚ್ ಹಾಕುವುದೇ ತಡ, ಬಂದು ಅದರ ಮೇಲೆ ಮಲಗುತ್ತದೆ.

ಕಡೂರು ಬಿಸಿಲು

ದೇವರ ಮನೆಯ ಕೆಂಪು ಜೀರೋ ಬಲ್ಬ್ ಸಾಲುವುದಿಲ್ಲವಾ? 😀

ಹಾಸನ ಫಿಸಿಯೋ

ತಮಾಷೆಗೆ ಕೇಳಿದ್ದರೂ ಒಳ್ಳೆಯ ಪ್ರಶ್ನೆ. ನಾನು ಫಿಸಿಯೋಥೆರಪಿಸ್ಟ್, ಹನ್ನೆರಡು ವರ್ಷದಿಂದ ಇದೇ ಕೆಲಸ. ಬೆಳಕಿನ ಚಿಕಿತ್ಸೆ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಜನ ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಅಂದುಕೊಂಡಿದ್ದಾರೆ.

ಒಂದು, ಶಾಖದ ದೀಪ. ಹಳೇ ಫಿಸಿಯೋ ಕೋಣೆಗಳಲ್ಲಿ ಸ್ಟ್ಯಾಂಡಿನ ಮೇಲೆ ಕೆಂಪಗೆ ಉರಿಯುತ್ತಿತ್ತಲ್ಲ, ಅದು. ಅದು ಮಾಡುವುದು ನಿಮ್ಮ ಉಪ್ಪಿನ ಗಂಟು ಮಾಡುವ ಕೆಲಸವನ್ನೇ: ಬಿಸಿ ಮಾಡುವುದು. ಇನ್ನೊಂದು, ಬಿಸಿಯೇ ಮಾಡದೆ ಬೆಳಕಿನಿಂದಲೇ ಕೆಲಸ ಮಾಡಿಸುವ ಲೇಸರ್ ಅಥವಾ ಎಲ್‌ಇಡಿ. ಇದರ ಕಥೆ ಶುರುವಾದದ್ದು 1967ರ ಸುಮಾರಿಗೆ ಹಂಗೇರಿಯಲ್ಲಿ. ಎಂಡ್ರೆ ಮೆಸ್ಟರ್ ಎಂಬ ಡಾಕ್ಟರು ಲೇಸರ್‌ನಿಂದ ಕ್ಯಾನ್ಸರ್ ಬರುತ್ತದಾ ಅಂತ ನೋಡಲು ಇಲಿಗಳ ಬೆನ್ನಿನ ಕೂದಲು ಬೋಳಿಸಿ ಬೆಳಕು ಬಿಟ್ಟರು. ಕ್ಯಾನ್ಸರ್ ಬರಲಿಲ್ಲ, ಬೆಳಕು ಬಿದ್ದ ಇಲಿಗಳಿಗೆ ಕೂದಲು ಬೇಗ ಬೆಳೆಯಿತು. ಜೀವಕೋಶದೊಳಗೆ ಶಕ್ತಿ ತಯಾರಾಗುವ ಜಾಗದಲ್ಲಿರುವ ಒಂದು ಕಿಣ್ವ ಈ ಬೆಳಕನ್ನು ಹೀರಿಕೊಳ್ಳುತ್ತದೆ ಎನ್ನುವುದು ಈಗ ಹೆಚ್ಚಿನವರು ಕೊಡುವ ವಿವರಣೆ.

ಮಂಡಿ ಸವೆತಕ್ಕೆ ಉಪಯೋಗ ಇದೆಯಾ? 2019ರಲ್ಲಿ 22 ಪ್ರಯೋಗಗಳ, 1063 ಜನರ ಲೆಕ್ಕ ಒಟ್ಟು ಸೇರಿಸಿ ನೋಡಿದರು. ಸರಿಯಾದ ಪ್ರಮಾಣದಲ್ಲಿ ಕೊಟ್ಟಲ್ಲಿ ನೋವು ಕಮ್ಮಿಯಾಗಿತ್ತು, ಕಡಿಮೆ ಕೊಟ್ಟಲ್ಲಿ ಅಷ್ಟು ಫಲ ಇಲ್ಲ. ಆದರೆ ಬ್ರಿಟನ್ನಿನ 2022ರ ಮಾರ್ಗಸೂಚಿ, ಸಾಕ್ಷ್ಯ ಸಾಲದು, ಸವೆತಕ್ಕೆ ಲೇಸರ್ ಕೊಡಬೇಡಿ ಅಂತಲೇ ಹೇಳುತ್ತದೆ. ಹೀಗೆ ತಜ್ಞರಲ್ಲೇ ಜಗಳ ಇದೆ.

ಇಲ್ಲಿ ಪ್ರಮಾಣವೇ ಮುಖ್ಯ. ಲೇಸರ್‌ನಲ್ಲಿ 785ರಿಂದ 860 ನ್ಯಾನೋಮೀಟರ್ ತರಂಗಾಂತರದ ಬೆಳಕಾದರೆ ಮಂಡಿಯ ಪ್ರತಿ ಬಿಂದುವಿಗೂ 4ರಿಂದ 8 ಜೂಲ್ (ಶಕ್ತಿಯ ಅಳತೆ) ಬೀಳಬೇಕು. ನೂರು ಮಿಲಿವ್ಯಾಟ್ ಯಂತ್ರ ಒಂದು ನಿಮಿಷ ಹಿಡಿದರೆ 6 ಜೂಲ್. ಆನ್‌ಲೈನ್ ಬೆಲ್ಟುಗಳಲ್ಲಿ ದೀಪ ಎಷ್ಟಿದೆ ಅಂತ ದೊಡ್ಡದಾಗಿ ಬರೆದಿರುತ್ತಾರೆ, ಚರ್ಮಕ್ಕೆ ಎಷ್ಟು ಬೀಳುತ್ತದೆ ಅಂತ ಬರೆದಿರುವುದಿಲ್ಲ. ಬರೆಯದಿದ್ದರೆ ಅಳತೆ ಇಲ್ಲದೆ ಔಷಧಿ ಕುಡಿದ ಹಾಗೆ. ಕಡೂರಿನವರ ಜೀರೋ ಬಲ್ಬಿನಿಂದ ದೇವರಿಗೆ ಮಾತ್ರ ಬೆಳಕು.

ಕ್ಯಾನ್ಸರ್ ಗಡ್ಡೆ ಇರುವ ಜಾಗಕ್ಕೆ ಹಾಕಬಾರದು. ಕಣ್ಣಿಗೆ ನೇರ ಬಿಡಬಾರದು. ಬಿಸಿಲು ಬಿದ್ದರೆ ಚರ್ಮ ಕೆಂಪಾಗುವಂಥ ಮಾತ್ರೆ ತಿನ್ನುತ್ತಿದ್ದರೆ ಕೇಳಿ ಹಾಕಿ. ಹಾಗೇ, ಕೆಂಪು ಬೆಳಕಿನಿಂದ ವಿಟಮಿನ್ ಡಿ ಆಗುವುದಿಲ್ಲ. ಅದಕ್ಕೆ ಬಿಸಿಲಿನ ನೇರಳಾತೀತ ಕಿರಣವೇ ಬೇಕು. ಕಿಟಕಿ ಗಾಜಿನ ಒಳಗೆ ಕೂತರೂ ಆಗುವುದಿಲ್ಲ.

ತೋಟದ ಮಗಳು ಅವರೇ, ಅಮ್ಮನಿಗೆ ಬೆಳಗಿನ ಬಿಗಿತ ಹತ್ತು ನಿಮಿಷ ಅಂದಿರಿ. ಅದು ಸವೆತದ ಲಕ್ಷಣವೇ. ಅರ್ಧ ಗಂಟೆ ಮೀರಿ ಬಿಗಿತ, ಬೆರಳಿನ ಗೆಣ್ಣು ಊತ, ಎರಡೂ ಕೈಗೆ ಒಂದೇ ಥರ ಇದ್ದರೆ ಅದು ಬೇರೆ. ಆಮವಾತ, ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್ ಇರಬಹುದು. ಅದಕ್ಕೆ ಶಾಖ ಕೊಡುತ್ತಾ ತಿಂಗಳುಗಟ್ಟಲೆ ಕೂತರೆ ಸಂದು ಹಾಳಾಗುತ್ತದೆ.

ತೋಟದ ಮಗಳು

ಸರ್, ತುಂಬಾ ಉಪಕಾರ. ಕೈಗೆ ಏನೂ ಇಲ್ಲ, ಮಂಡಿ ಮಾತ್ರ. ಹಾಗಾದರೆ ಮನೆಯಲ್ಲಿ ಏನು ಮಾಡಿಸಲಿ?

ಹಾಸನ ಫಿಸಿಯೋ

ತೊಡೆಯ ಮುಂಭಾಗದ ಮಾಂಸಖಂಡ ಗಟ್ಟಿ ಮಾಡಿಸಿ. ಮಂಡಿಯ ಭಾರ ಹೊರುವುದು ಅದೇ. ಕಾಲು ಚಾಚಿ ಕೂರಿಸಿ, ಮಂಡಿ ಕೆಳಗೆ ಸ್ನಾನದ ಟವೆಲ್ ಸುರುಳಿ ಸುತ್ತಿ ಇಡಿ. ಟವೆಲ್ಲನ್ನು ಮಂಡಿಯಿಂದ ನೆಲಕ್ಕೆ ಒತ್ತಬೇಕು, ಐದು ಎಣಿಸಬೇಕು, ಬಿಡಬೇಕು. ಹತ್ತು ಸಲ. ಆಮೇಲೆ ಕುರ್ಚಿಯಿಂದ ಕೈ ಊರದೆ ಎದ್ದು ನಿಂತು ನಿಧಾನಕ್ಕೆ ಕೂರುವುದು. ಕಷ್ಟ ಆದರೆ ಕುರ್ಚಿಗೆ ದಿಂಬು ಹಾಕಿ ಎತ್ತರ ಮಾಡಿ. ಮೊದಲ ವಾರ ಬೈದುಕೊಳ್ಳುತ್ತಾರೆ, ಆರು ವಾರಕ್ಕೆ ಗೊತ್ತಾಗುತ್ತದೆ. ತೂಕ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ.

ಶಾಖ ಕೊಡಿ, ಧಾರಾಳವಾಗಿ. ಸ್ನಾಯು ಸಡಿಲವಾಗುತ್ತದೆ, ಆಗ ವ್ಯಾಯಾಮ ಸುಲಭ. ಆದರೆ ಮಂಡಿ ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ ಊದಿದ್ದರೆ ಆ ದಿನ ಶಾಖ ಬೇಡ, ಟವೆಲ್ಲಿನಲ್ಲಿ ಸುತ್ತಿದ ಐಸ್. ಶುಗರ್ ಇರುವವರಿಗೆ ಕಾಲು ಜೋಮು ಹಿಡಿದಿದ್ದರೆ ಉಪ್ಪಿನ ಗಂಟು ಬೇರೆಯವರೇ ಮುಟ್ಟಿ ನೋಡಿ ಇಡಬೇಕು. ಸುಟ್ಟದ್ದು ಅವರಿಗೆ ಗೊತ್ತೇ ಆಗುವುದಿಲ್ಲ, ಬೊಬ್ಬೆ ಬಂದ ಮೇಲೇ ಗೊತ್ತಾಗುವುದು.

ಉದುರು ಹೆಕ್ಕುವುದಕ್ಕೆ ಒಂದು ಗಿಡ್ಡ ಮಣೆ ಮಾಡಿಸಿ. ಕುಕ್ಕರಗಾಲು ಬೇಡವೇ ಬೇಡ.

ಚಿಕ್ಕಮಗಳೂರು ಔಷಧಿ ಅಂಗಡಿ

ಕ್ಯಾಪ್ಸೂಲಿನ ಮಾತು ನಾನು ಹೇಳುತ್ತೇನೆ, ದಿನಾ ಕೌಂಟರಿನಲ್ಲಿ ಇದೇ. ಮಾರುವವನೇ ಬೇಡ ಅನ್ನುತ್ತಿದ್ದಾನೆ ಅಂತ ನಗಬೇಡಿ.

ಗ್ಲುಕೋಸಮೈನ್: ಅಮೆರಿಕದಲ್ಲಿ 1583 ಜನರ ಮೇಲೆ ಮಾಡಿದ ದೊಡ್ಡ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಒಟ್ಟಾರೆ ಲೆಕ್ಕದಲ್ಲಿ ಔಷಧಿಯೇ ಇಲ್ಲದ ಖಾಲಿ ಮಾತ್ರೆಗಿಂತ ಹೇಳಿಕೊಳ್ಳುವಷ್ಟು ವಾಸಿ ಇರಲಿಲ್ಲ. ಇನ್ನೊಂದು ವಿಷಯ, ಇದನ್ನು ಹೆಚ್ಚಾಗಿ ಮಾಡುವುದು ಏಡಿ, ಸೀಗಡಿ ಚಿಪ್ಪಿನಿಂದ. ನಮ್ಮ ಅಂಗಡಿಗೆ ಬರುವ ಶುದ್ಧ ಸಸ್ಯಾಹಾರಿ ಅಮ್ಮಂದಿರು ಎಷ್ಟೋ ಜನ ಗೊತ್ತಿಲ್ಲದೆ ವರ್ಷಗಟ್ಟಲೆ ನುಂಗಿದ್ದಾರೆ. ಡಬ್ಬಿಯ ಮೇಲೆ ಹಸಿರು ಚುಕ್ಕೆ ಇದೆಯಾ ಕಂದು ಗುರುತು ಇದೆಯಾ ನೋಡಿ.

ಅರಿಶಿನ: ಇದರಲ್ಲಿ ಹುರುಳಿದೆ, ಆದರೆ ಲೆಕ್ಕ ಬೇರೆ. ಅರಿಶಿನದ ಪುಡಿಯಲ್ಲಿ ಕೆಲಸ ಮಾಡುವ ಮುಖ್ಯ ಅಂಶ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರು ಪಾಲು ಅಷ್ಟೇ. ಅರ್ಧ ಚಮಚ ಹಾಲಿಗೆ ಹಾಕಿದರೆ ಐವತ್ತು ಮಿಲಿಗ್ರಾಂ ಸಿಕ್ಕರೆ ಹೆಚ್ಚು. ಅದೂ ಹೊಟ್ಟೆಯಿಂದ ರಕ್ತಕ್ಕೆ ಸೇರುವುದು ಕಡಿಮೆ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೇ ತೋರಿಸಿದ್ದು: 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ಅಂಶ ಕೊಟ್ಟರೆ ರಕ್ತಕ್ಕೆ ಸೇರುವುದು ಶೇಕಡಾ 2000 ಜಾಸ್ತಿಯಾಯಿತು. ಹಾಗಾಗಿಯೇ ಈಗ ಎಷ್ಟೋ ಕ್ಯಾಪ್ಸೂಲಿಗೆ ಮೆಣಸಿನ ಅಂಶ ಸೇರಿಸುತ್ತಾರೆ. 2014ರಲ್ಲಿ ಥಾಯ್ಲೆಂಡಿನ ಪ್ರಯೋಗದಲ್ಲಿ 367 ಮಂಡಿ ನೋವಿನವರಿಗೆ ನಾಲ್ಕು ವಾರ ಅರಿಶಿನದ ಸಾರ ಕೊಟ್ಟು ನೋಡಿದರು, ನೋವಿನ ಮಾತ್ರೆ ಐಬುಪ್ರೊಫೆನ್‌ಗೆ ಹತ್ತಿರ ಹತ್ತಿರ ಕೆಲಸ ಮಾಡಿತು.

ಆದರೆ ಹೆಚ್ಚು ಸೇರಿದಷ್ಟೂ ಒಳ್ಳೆಯದು ಅಂತಲ್ಲ. ಹೀಗೆ ಮೆಣಸು ಸೇರಿಸಿದ ಗಟ್ಟಿ ಕ್ಯಾಪ್ಸೂಲಿನಿಂದ ಕೆಲವರ ಲಿವರ್‌ಗೆ ಪೆಟ್ಟಾಗಿದೆ. 2023ರಲ್ಲಿ ಆಸ್ಟ್ರೇಲಿಯಾದ ಔಷಧ ಇಲಾಖೆ ಇದಕ್ಕೇ ಎಚ್ಚರಿಕೆ ಕೊಟ್ಟಿತು. ಸಾರಿಗೆ, ಹಾಲಿಗೆ ಹಾಕುವ ಅರಿಶಿನದ ಮಾತಲ್ಲ ಅದು. ಕ್ಯಾಪ್ಸೂಲು ತಿನ್ನುವವರು ಕಣ್ಣು ಹಳದಿ, ಮೂತ್ರ ಕಡು ಬಣ್ಣ ಅನಿಸಿದರೆ ಆ ದಿನವೇ ನಿಲ್ಲಿಸಿ ತೋರಿಸಿ.

ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು, ಹೃದಯದ ಕವಾಟ ಬದಲಿಸಿದವರು, ಅರಿಶಿನದ ಕ್ಯಾಪ್ಸೂಲು, ಗ್ಲುಕೋಸಮೈನ್, ಮೀನೆಣ್ಣೆ ಯಾವುದನ್ನೂ ಹೇಳದೆ ಶುರು ಮಾಡಬೇಡಿ. ನೋವಿನ ಬಾಮನ್ನೂ ಮೈತುಂಬ ಹಚ್ಚಬೇಡಿ. ಘಾಟು ವಾಸನೆಯ ಮೀಥೈಲ್ ಸ್ಯಾಲಿಸಿಲೇಟ್ ಚರ್ಮದಿಂದ ಒಳಗಿಳಿದು ರಕ್ತ ಇನ್ನಷ್ಟು ತೆಳ್ಳಗಾಗುತ್ತದೆ.

ವಿಟಮಿನ್ ಡಿ 60,000 ಯೂನಿಟ್ಟಿನ ಪ್ಯಾಕೆಟ್ ವಾರಕ್ಕೊಂದು. ದಿನಕ್ಕೊಂದು ತಿಂದು ವಾಂತಿ, ಮಲಬದ್ಧತೆ ಅಂತ ಬಂದವರನ್ನು ನೋಡಿದ್ದೇನೆ. ರಕ್ತ ಪರೀಕ್ಷೆಯಲ್ಲಿ ಕಮ್ಮಿ ಇದ್ದರೆ ಮಾತ್ರ ತಗೊಳ್ಳಿ.

ನಿಮ್ಮ ಅಮ್ಮನಿಗೆ ಮಾತ್ರೆ ಹೊಟ್ಟೆಗೆ ಆಗುವುದಿಲ್ಲ ಅಂದರೆ ಡೈಕ್ಲೋಫೆನಾಕ್ ಜೆಲ್ ಬಗ್ಗೆ ಡಾಕ್ಟರನ್ನು ಕೇಳಿ. ಮಂಡಿಯಂಥ ಚರ್ಮಕ್ಕೆ ಹತ್ತಿರ ಇರುವ ಸಂದಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ಮಾತ್ರೆಗಿಂತ ತುಂಬಾ ಕಮ್ಮಿ. ಆದರೆ ಜೆಲ್ ಹಚ್ಚಿದ ಮೇಲೆ ಉಪ್ಪಿನ ಗಂಟು ಇಡಬೇಡಿ.

ಕಡೂರು ಬಿಸಿಲು

ಏಡಿ ಚಿಪ್ಪು!! ನಮ್ಮ ಅತ್ತೆಗೆ ಹೇಳಲಾ ಬೇಡವಾ ಗೊತ್ತಾಗುತ್ತಿಲ್ಲ. ಮೂರನೇ ಡಬ್ಬಿ ನಡೆಯುತ್ತಿದೆ. ಈರುಳ್ಳಿ ಬೆಳ್ಳುಳ್ಳಿ ಕೂಡ ಮುಟ್ಟದವರು.

ಸಕಲೇಶಪುರ ಮಳೆ

ಡಬ್ಬಿ ಮುಗಿದ ಮೇಲೆ ಹೇಳಿ.

ಆಲೂರು ಶಾಲೆ ಮೇಡಂ

ನಮ್ಮ ಕಡೆ ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಹೆಂಚಿನ ಮೇಲೆ ಬಾಡಿಸಿ ಮಂಡಿಗೆ ಕಟ್ಟುತ್ತಾರೆ. ಹಿತವಾಗಿರುತ್ತದೆ. ಎಲೆ ಕೀಳುವಾಗ ಬರುವ ಹಾಲು ಮಾತ್ರ ಕಣ್ಣಿಗೆ ಬೀಳಬಾರದು. ನಮ್ಮ ಯಜಮಾನರು ಕಿತ್ತ ಕೈಯಲ್ಲೇ ಕಣ್ಣು ಉಜ್ಜಿಕೊಂಡು ಎರಡು ದಿನ ಕಣ್ಣು ಬಿಡಲಾಗಲಿಲ್ಲ. ಮಂಡಿ ನೋವು ನನಗೆ, ಆಸ್ಪತ್ರೆಗೆ ಹೋಗಿದ್ದು ಅವರು.

2006ರಲ್ಲಿ ಚಿಕೂನ್‌ಗುನ್ಯಾ ಬಂದಾಗ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಯಾರಿಗೂ ಎದ್ದು ನೀರು ಸೇದಲಾಗುತ್ತಿರಲಿಲ್ಲ. ಜ್ವರ ವಾರಕ್ಕೆ ಹೋಯಿತು, ಸಂದು ನೋವು ನನಗೆ ಎಂಟು ತಿಂಗಳು ಇತ್ತು. ಆಗ ಇದೇ ಎಕ್ಕದ ಎಲೆ, ಇದೇ ಬಿಸಿನೀರು. ವಾಸಿ ಆದದ್ದು ಎಲೆಯಿಂದಲೋ ಎಂಟು ತಿಂಗಳಿಂದಲೋ, ಸಕಲೇಶಪುರದವರ ಹಾಗೆ ನಾನೂ ಹೇಳಲಾರೆ. ಆದರೆ ರಾತ್ರಿ ನಿದ್ದೆ ಬರುತ್ತಿತ್ತು. ಅದೇನು ಕಮ್ಮಿಯಾ?

ಕೊಪ್ಪದ ಕಾಡು

ಜ್ವರದ ಮಾತು ಬಂತಲ್ಲ, ಅದಕ್ಕೆ ಒಂದು ಮಾತು. ಈಗ ನಮ್ಮ ಕಡೆ ಮಂಗನ ಕಾಯಿಲೆ ಕಾಲ. ಕಾಡಿಗೆ, ತೋಟಕ್ಕೆ ಹೋಗಿ ಬಂದವರಿಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಯೆಲ್ಲ ಅರೆದ ಹಾಗೆ ನೋವು ಅಂದರೆ ಮನೆಯಲ್ಲಿ ಶಾಖ ಕೊಡುತ್ತಾ ಕೂರಬೇಡಿ. ನೋವು ಜಾಸ್ತಿ ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ನುಂಗಲೇಬೇಡಿ. ಮಂಗನ ಕಾಯಿಲೆ, ಡೆಂಗಿ ಎರಡರಲ್ಲೂ ರಕ್ತಸ್ರಾವದ ಭಯ. ಪ್ಯಾರಾಸಿಟಮಾಲ್ ಮಾತ್ರ, ಮತ್ತು ಅದೇ ದಿನ ಆಸ್ಪತ್ರೆ. ಮಳೆಗಾಲದಲ್ಲಾದರೆ ಇಲಿ ಜ್ವರ, ಮೀನಖಂಡ ಮುಟ್ಟಿದರೆ ಕಿರುಚುವಷ್ಟು ನೋವು. ಎಲ್ಲಾ ಮೈಕೈ ನೋವೂ ಸವೆತ ಅಲ್ಲ.

ತೋಟದ ಮಗಳು

(ನಾಲ್ಕು ದಿನದ ನಂತರ)

ಬರೆಯಲು ಕೈ ಬರುತ್ತಿಲ್ಲ. ಅರಸೀಕೆರೆಯವರು ಬರೆದದ್ದು ಓದಿ ಮನಸ್ಸು ತಡೆಯಲಿಲ್ಲ, ಭಾನುವಾರ ಊರಿಗೆ ಹೋದೆ. ಅಮ್ಮ ಅಂಗಳದಲ್ಲಿ ಮೆಣಸು ಹರಡುತ್ತಿದ್ದರು, ಬಗ್ಗಿ, ಸರಾಗವಾಗಿ. ಖುಷಿ ಆಗಬೇಕಿತ್ತು. ಆದರೆ ಕೆನ್ನೆ ತುಂಬಿಕೊಂಡಿತ್ತು. ಊಟಕ್ಕೆ ಕೂತಾಗ ಎರಡನೇ ಸಲ ಅನ್ನ ಹಾಕಿಸಿಕೊಂಡರು, ಅಮ್ಮ ಎಂದೂ ಹಾಗಲ್ಲ.

ಅಡುಗೆ ಮನೆಯ ಮೇಲಿನ ಸ್ಟ್ಯಾಂಡಿನಲ್ಲಿ, ಹಳೇ ಬಿಸ್ಕತ್ತಿನ ಡಬ್ಬಿ, ಅದರೊಳಗೆ ಏಲಕ್ಕಿ, ಏಲಕ್ಕಿ ಕೆಳಗೆ ಕಾಗದದ ಪೊಟ್ಟಣ. ಬೂದು ಪುಡಿ. ಏಳು ವಾರದಿಂದ ತಿನ್ನುತ್ತಿದ್ದಾರೆ. ಪಕ್ಕದ ಮನೆ ಅತ್ತೆಯೇ ತಂದುಕೊಟ್ಟಿದ್ದು. "ನಿನಗೆ ಹೇಳಿದರೆ ಬೈತೀಯ ಅಂತ" ಅಂದರು. ಹಾಗಾದರೆ ಇಷ್ಟು ದಿನ ನನ್ನ ಹತ್ತಿರ ಲಕ್ಕಿ ಸೊಪ್ಪು ಸಾಕು ಅಂದದ್ದು ಇದಕ್ಕೇ. ಜಗಳ ಮಾಡಿದೆ. ಆಮೇಲೆ ಅತ್ತುಬಿಟ್ಟೆ. ನಾನು ತಿಂಗಳಿಗೊಮ್ಮೆ ಬಂದು "ಕೆಲಸ ಬಿಡಮ್ಮ" ಅಂತ ಹೇಳಿ ಬಸ್ಸು ಹತ್ತಿದರೆ, ಅವರು ಬೇರೆ ಏನು ಮಾಡಬೇಕಿತ್ತು?

ತಕ್ಷಣ ಚೆಲ್ಲಿಬಿಡೋಣ ಅನಿಸಿತು. ಏಳು ತಿಂಗಳು ನಿಧಾನಕ್ಕೆ ಬಿಡಿಸಿದ್ದು ನೆನಪಾಗಿ ಚೆಲ್ಲಲಿಲ್ಲ. ಪೊಟ್ಟಣ ಸಮೇತ ಸೋಮವಾರ ಹಾಸನಕ್ಕೆ ಕರೆದುಕೊಂಡು ಬಂದು ದೊಡ್ಡ ಡಾಕ್ಟರಿಗೆ ತೋರಿಸಿದೆ.

ಅರಸೀಕೆರೆ ತೆಂಗು

ತಾಯಿ, ಚೆಲ್ಲದೆ ಇದ್ದದ್ದೇ ದೊಡ್ಡ ಕೆಲಸ. ಪುಡಿಯನ್ನು ಇಟ್ಟುಕೊಂಡಿರಿ. ಡಾಕ್ಟರು ಏನಂದರು?

ತೋಟದ ಮಗಳು

ಪುಡಿ ನೋಡಿ ಇದರಲ್ಲಿ ಏನಿದೆ ಅಂತ ಹೇಳಲಾಗುವುದಿಲ್ಲ ಅಂದರು. ಬೆಳಿಗ್ಗೆ ಎಂಟು ಗಂಟೆಗೆ ರಕ್ತ ತೆಗೆದು ಕಾರ್ಟಿಸೋಲ್ ಅಂತ ಒಂದು ಪರೀಕ್ಷೆ ಮಾಡಿಸಿದರು, ಅರಸೀಕೆರೆಯವರು ಹೇಳಿದ ಆ ಪುಟ್ಟ ಗ್ರಂಥಿ ಮಾಡುವುದು ಅದನ್ನೇ. ತುಂಬಾ ಕಮ್ಮಿ ಬಂದಿದೆ. ಊಟ ಆದ ಮೇಲಿನ ಶುಗರ್ 210. ಬಿಪಿ ಕೂಡ ಮೇಲೆ. ಪುಡಿ ನಿಲ್ಲಿಸಿ, ಬದಲಿಗೆ ಅಳತೆ ಗೊತ್ತಿರುವ ಮಾತ್ರೆ ಕೊಟ್ಟಿದ್ದಾರೆ, ವಾರ ವಾರ ಇಳಿಸುತ್ತಾರಂತೆ. ಮಧ್ಯದಲ್ಲಿ ಜ್ವರ, ವಾಂತಿ ಏನೇ ಬಂದರೂ ತಡಮಾಡದೆ ಬರಬೇಕು, "ಸ್ಟಿರಾಯ್ಡ್ ಮೇಲೆ ಇದ್ದಾರೆ" ಅಂತ ಮೊದಲು ಹೇಳಬೇಕು ಅಂದರು. ಚೀಟಿಯಲ್ಲೂ ದಪ್ಪಗೆ ಬರೆದುಕೊಟ್ಟಿದ್ದಾರೆ.

ಪಕ್ಕದ ಮನೆ ಅತ್ತೆಗೆ ಫೋನಿನಲ್ಲಿ ಹೇಳಿದೆ. "ನನಗೇನೂ ಆಗಿಲ್ಲ, ಆರಾಮಾಗಿದ್ದೀನಿ" ಅಂದರು. ಅವರಿಗೆ ಮೊದಲೇ ಶುಗರ್ ಇದೆ.

ಚಿಕ್ಕಮಗಳೂರು ಔಷಧಿ ಅಂಗಡಿ

ಅವರ ಮಗನಿಗೋ ಸೊಸೆಗೋ ಹೇಳಿ. ನಿಲ್ಲಿಸಿ ಅನ್ನಬೇಡಿ, ಪುಡಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ ಅನ್ನಿ. ಹೆದರಿ ಒಂದೇ ದಿನಕ್ಕೆ ಬಿಟ್ಟರೆ ಅದು ಇನ್ನೂ ಕಷ್ಟ.

ಬೇಲೂರು ಮೊಮ್ಮಗ

ಅಕ್ಕ, ನಾನು ಅರಸೀಕೆರೆ ಅಣ್ಣನಿಗೆ ಎದುರು ಮಾತಾಡಿದ್ದೆ. ತಪ್ಪಾಯಿತು. ಲಕ್ಕಿ ಸೊಪ್ಪು ಬೇಕಿದ್ದರೆ ಹೇಳಿ, ಬೇಲಿ ತುಂಬಾ ಇದೆ.

ತೋಟದ ಮಗಳು

(ಐದು ವಾರದ ನಂತರ)

ಕೇಳಿದವರಿಗೆಲ್ಲ ಒಟ್ಟಿಗೆ ಉತ್ತರ. ಪುಡಿ ನಿಂತ ಮೇಲೆ ನೋವು ವಾಪಸ್ ಬಂತು, ಮೊದಲ ಎರಡು ವಾರ ಜೋರಾಗಿಯೇ. ಅಮ್ಮ ನನ್ನ ಮುಖ ನೋಡಿ ಮಾತಾಡಲಿಲ್ಲ. ಮಾತ್ರೆ ಈಗ ಮೊದಲಿನ ಅರ್ಧಕ್ಕೆ ಇಳಿದಿದೆ. ಶುಗರ್ 160. ಕೆನ್ನೆ ಇಳಿಯುತ್ತಿದೆ.

ಬೆಳಿಗ್ಗೆ ಹಂಡೆ ನೀರಿನ ಟವೆಲ್ಲು, ಅದಾದ ಮೇಲೆ ಫಿಸಿಯೋ ಸರ್ ಹೇಳಿದ ಟವೆಲ್ ಸುರುಳಿ. ಒಂದೇ ಟವೆಲ್ಲಿನಲ್ಲಿ ಎರಡೂ ಮಾಡುತ್ತಾರೆ, ನೀರು ಉಳಿಸಿದ ಹಾಗೆ ಟವೆಲ್ಲೂ ಉಳಿಸಬೇಕಂತೆ. ಐದು ಎಣಿಸುವ ಬದಲು "ರಾಮ ರಾಮ" ಐದು ಸಲ. ಕುರ್ಚಿಯಿಂದ ಏಳುವುದು ಮೊದಲ ದಿನ ಎರಡು ಸಲ ಆಗಿತ್ತು, ನಿನ್ನೆ ಹನ್ನೊಂದು. ರಾತ್ರಿ ಜೆಲ್. ಡಾಕ್ಟರು ಒಪ್ಪಿದರು. ಕ್ಯಾಪ್ಸೂಲು ಯಾವುದೂ ತರಲಿಲ್ಲ, ಹಾಲಿಗೆ ಅರಿಶಿನ, ನಮ್ಮದೇ ಬಳ್ಳಿಯ ಮೆಣಸು ಎರಡು ಕಾಳು. ಔಷಧಿ ಅಂತಲ್ಲ, ಅವರಿಗೆ ಇಷ್ಟ.

ಬಡಗಿಯ ಹತ್ತಿರ ಗೇಣುದ್ದ ಎತ್ತರದ ಮಣೆ ಮಾಡಿಸಿದೆ. "ಇದನ್ನ ಗಿಡದಿಂದ ಗಿಡಕ್ಕೆ ಯಾರು ಹೊರೋದು" ಅಂದರು. ಅದಕ್ಕೊಂದು ಹಗ್ಗ ಕಟ್ಟಿಕೊಟ್ಟಿದ್ದೇನೆ, ಈಗ ನಾಯಿಮರಿಯ ಹಾಗೆ ಹಿಂದೆ ಎಳೆದುಕೊಂಡು ಹೋಗುತ್ತಾರೆ. ಉದುರು ಈ ವರ್ಷಕ್ಕೆ ಮುಗಿಯಿತು ಅನ್ನಿ. ಆದರೂ ಮಣೆ ಬಿಟ್ಟಿಲ್ಲ.

ಬೆಲ್ಟ್ ಒಂದು ಬಾಕಿ. ಚಿಕ್ಕಮ್ಮನ ಮಗ ಇನ್ನೂ ಬಿಟ್ಟಿಲ್ಲ, "ಒಂದು ಸಲ ನೋಡೋಣ ಅಕ್ಕ" ಅಂತಾನೆ. ಫಿಸಿಯೋ ಸರ್ ಹೇಳಿದ ಹಾಗೆ ಮಾರುವವರಿಗೆ ಚರ್ಮಕ್ಕೆ ಎಷ್ಟು ಬೀಳುತ್ತೆ ಅಂತ ಕೇಳಿ ಬರೆದೆ. 120 ದೀಪ ಇದೆ ಅಂತ ಉತ್ತರ ಬಂತು.

ಸಕಲೇಶಪುರ ಮಳೆ

ಹನ್ನೊಂದು ಸಾವಿರ ಕೊಡಬೇಡಿ ತಾಯಿ. ಮುಂದಿನ ವಾರ ಮೂಡಿಗೆರೆ ಕಡೆ ಬರುವುದಿದೆ, ನನ್ನದನ್ನೇ ತಂದುಕೊಡುತ್ತೇನೆ. ಎರಡು ತಿಂಗಳು ಇಟ್ಟುಕೊಂಡು ನೋಡಿ. ಹಾಕುವ ಮೊದಲು ಒಮ್ಮೆ ಕೊಡವಿ, ಬೆಕ್ಕಿನ ಕೂದಲು ಇರುತ್ತದೆ.

ತೋಟದ ಮಗಳು

ಬನ್ನಿ ಅಣ್ಣ, ಊಟಕ್ಕೇ ಬನ್ನಿ. ಅಮ್ಮ ಕೇಳುತ್ತಿದ್ದಾರೆ, ಬೆಲ್ಟ್ ತಂದರೆ ಬೆಕ್ಕು ಎಲ್ಲಿ ಮಲಗುತ್ತೆ ಅಂತ.